ಮುಚ್ಚಿದ ಗೇಟಿನ ಮುಂದಿನ ಸಾಲು

ಮಂಗಳವಾರ, ಮಧ್ಯಾಹ್ನ
ಅಕ್ಕನ ಮನೆಯಿಂದ

ಸದಾ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿರುವ ನನ್ನ ಯಜಮಾನರಿಗೆ,

ನಿಮ್ಮ ಹೆಂಡತಿಯ ನಮಸ್ಕಾರ. ಯಾವ ಹೆಂಡತಿ ಎಂದು ಹುಬ್ಬು ಗಂಟುಹಾಕಬೇಡಿ. ಕಳೆದ ವಾರ ಬ್ಯಾಗು ಎತ್ತಿಕೊಂಡು, ಬಾಗಿಲನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಂಡು ಅಕ್ಕನ ಮನೆಗೆ ಬಂದಳಲ್ಲ, ಅವಳೇ. ಫೋನಿನಲ್ಲಿ ಹೇಳಿಬಿಡೋಣವೆಂದರೆ ನೀವು "ಲೈನಲ್ಲಿದೀನಿ ಕಣೇ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀರಿ. ಆ "ಆಮೇಲೆ" ಇನ್ನೂ ಬಂದಿಲ್ಲ. ಕಾಗದವಾದರೆ ಹರಿದು ಹಾಕುವುದಕ್ಕಾದರೂ ಕೈಗೆತ್ತಿಕೊಳ್ಳಲೇಬೇಕು.

ಅಕ್ಕನ ಮಂಡಿನೋವು ಹಾಗೇ ಇದೆ. ಎರಡು ತಿಂಗಳಿಂದ ನಾನು ವಾರಕ್ಕೆ ಮೂರು ದಿನ ಬಂದು ಆರೈಕೆ ಮಾಡಿದರೂ ಇಳಿದಿಲ್ಲ. ಅದಿರಲಿ.

ನನಗೊಬ್ಬಳು ಸವತಿ ಇದ್ದಾಳೆಂದು ಮದುವೆಯಾದ ವಾರವೇ ಗೊತ್ತಾಗಿತ್ತು. ಅವಳ ಹೆಸರು ಬಂದರಿನ ಲೈನು. ಪಾಪ, ಅವಳೇನೂ ಕದ್ದುಮುಚ್ಚಿ ಇದ್ದವಳಲ್ಲ. ನಮ್ಮ ತಾರಸಿಯಿಂದಲೇ ಕಾಣುತ್ತಿದ್ದಳು: ಗೇಟಿನಿಂದ ಸೇತುವೆಯವರೆಗೆ, ಸೇತುವೆಯಿಂದ ಪೆಟ್ರೋಲ್ ಬಂಕಿನವರೆಗೆ ಲಾರಿಯ ಹಿಂದೆ ಲಾರಿ. ನಿಮ್ಮಂಥ ಡ್ರೈವರುಗಳಿಗೆಲ್ಲ ಅಲ್ಲೇ ಅಡುಗೆ, ಅಲ್ಲೇ ಸ್ನಾನ, ಲಾರಿಯ ಕೆಳಗೇ ನಿದ್ದೆ. ಈಗ ಹಾಸ್ಟೆಲಿನಲ್ಲಿರುವ ಮಗಳು ಚಿಕ್ಕವಳಿದ್ದಾಗ ಶಾಲೆಯ ನಾಟಕದಲ್ಲಿ ಮರದ ಪಾತ್ರ ಮಾಡಿದ ದಿನ ನೀವು ಬರಲಿಲ್ಲ. "ನಾನೂ ಅಲ್ಲಿ ಮರದ ಥರಾನೇ ನಿಂತಿದ್ದೆ ಪುಟ್ಟಾ" ಎಂದು ಅವಳನ್ನು ನಗಿಸಿದಿರಿ. ನಾನೂ ನಕ್ಕೆ. ಕಣ್ಣಿಗೆ ಕಾಣುವ ಸವತಿಯ ಮೇಲೆ ಅನುಮಾನ ಪಡುವುದಾದರೂ ಹೇಗೆ?

ಆಮೇಲೆ ಸರ್ಕಾರಕ್ಕೆ ಜ್ಞಾನೋದಯವಾಯಿತು. ಪ್ರಪಂಚದ ವ್ಯಾಪಾರವೆಲ್ಲ ನಮ್ಮ ರಾಜ್ಯದ ಕಡೆಗೇ ಹೊರಟಿದೆ, ನಮ್ಮ ಬಾಗಿಲು ಮಾತ್ರ ಚಿಕ್ಕದು ಎಂದಿತು. ಸಮುದ್ರದ ತಳ ತೋಡಿ ಆಳ ಮಾಡಿದರು. ಹಡಗಿನ ಪಕ್ಕಕ್ಕೇ ರೈಲುಹಳಿ ತಂದರು. ಹಳೆಯ ಗೇಟಿಗೆ ಗೋಡೆ ಕಟ್ಟಿ, ಆ ಕಡೆ ಹೊಸ ಗೇಟು ಇಟ್ಟರು. ಪ್ರತಿ ಲಾರಿಗೂ ಇಂಥ ಹೊತ್ತಿಗೆ ಬಾ ಎಂದು ಫೋನಿಗೇ ಸಮಯ ಬರುತ್ತದೆ, ಹೋದವನು ಗಂಟೆಯೊಳಗೆ ಹೊರಗೆ. ನಾನು ತಾರಸಿ ಹತ್ತಿ ನೋಡಿದೆ. ಸವತಿ ತೀರಿಕೊಂಡಿದ್ದಳು! ಅವಳ ಜಾಗದಲ್ಲಿ ನಾಯಿಯೊಂದು ನಡುರಸ್ತೆಯಲ್ಲಿ ಕಾಲು ಚಾಚಿ ಮಲಗಿತ್ತು. ಆ ಸಂಜೆ ಎರಡು ತಟ್ಟೆ ಇಟ್ಟು ಕಾದೆ. ನೀವು ಮರುದಿನ ಬಂದು, ಚಪ್ಪಲಿ ಬಿಡುತ್ತಾ, "ಏನ್ ಲೈನು ಅಂತೀಯಾ" ಅಂದಿರಿ.

ನಾನು ಹಿಂದಿನ ಸಂಜೆಯ ನಿಮ್ಮ ತಟ್ಟೆಯನ್ನು ಎತ್ತಿ ಒಳಗಿಟ್ಟೆ. ಅದೇ ನಿಮಗೆ ಎಚ್ಚರಿಕೆಯ ಗಂಟೆಯಾಗಬೇಕಿತ್ತು.

ಅಂದಿನಿಂದ ನಾನು ಪತ್ತೇದಾರಿಕೆಗೆ ಇಳಿದೆ. ಸಾಕ್ಷ್ಯಗಳು ತಾವಾಗಿಯೇ ಮನೆಗೆ ನಡೆದು ಬರತೊಡಗಿದವು. ಲೈನಿನಿಂದ ಬರುವ ಮನುಷ್ಯನ ಗಡ್ಡ ಬೆಳೆದಿರಬೇಕು, ನಿಮ್ಮದು ನುಣ್ಣಗಿತ್ತು. ಮೈಯಲ್ಲಿ ಡೀಸೆಲ್ಲಿನ ಬದಲು ಸೋಪಿನ ವಾಸನೆ, ಅದೂ ನಮ್ಮ ಮನೆಯದಲ್ಲ. ಪಕ್ಕದ ಮನೆಯ ಕ್ರೇನಮ್ಮ, ಅದೇ ಕ್ರೇನ್ ಆಪರೇಟರ್ ಹೆಂಡತಿ, ಕಾಂಪೌಂಡಿನ ಮೇಲೆ ಗದ್ದ ಊರಿ, "ನಮ್ಮನೆಯೋರು ಮೇಲಿಂದ ನೋಡ್ತಾರಲ್ಲ, ಗೇಟ್ ಮುಂದೆ ಒಂದು ಕಾಗೇನೂ ಇಲ್ವಂತೆ. ನಿಮ್ಮೋರು ಎಲ್ಲಿ ನಿಂತಿರ್ತಾರೆ?" ಎಂದು ತಲೆಗೆ ಹುಳ ಬಿಟ್ಟಳು. ಅಕ್ಕ ಆ ಹುಳಕ್ಕೆ ಹಾಲೆರೆದಳು. "ಯಾವ ಗಂಡಸೂ ಸುಮ್ಸುಮ್ನೆ ದಿನಾ ಶೇವ್ ಮಾಡ್ಕೊಳ್ಳಲ್ಲ. ಬ್ಯಾಗ್ ತುಂಬು" ಅಂದಳು. ತುಂಬಿದೆ.

ನಿನ್ನೆ ನಾವಿಬ್ಬರೂ ಬಸ್ಸಿನಲ್ಲಿ ಬಂದರಿಗೆ ಬಂದೆವು. ಹೌದು, ನಿಮ್ಮನ್ನು ಹಿಡಿಯುವುದಕ್ಕೇ. ಹಿಡಿದ ಮೇಲೆ ವಾಪಸ್ ಮನೆಗೆ ಬರುವುದಿಲ್ಲ ಎಂದು ನಿರ್ಧಾರವನ್ನೂ ಮಾಡಿದ್ದೆ. ರೈಲುಹಳಿಯ ಮೇಲಿನ ಸೇತುವೆಯ ಮೆಟ್ಟಿಲನ್ನು ಅಕ್ಕ ನನಗಿಂತ ಮೊದಲು ಹತ್ತಿ, "ಬಾರೇ ಬೇಗ, ತಪ್ಪಿಸ್ಕೊಂಡ್ರೆ?" ಎಂದು ಗದರಿದಳು. ಹೊಸ ಗೇಟು ಖಾಲಿ. ನಮ್ಮ ಲಾರಿಯ ನಂಬರು ಹೇಳಿ ಕೇಳಿದರೆ ಕಾವಲಿನವನು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಆ ಲಾರಿನಾ? ಹಳೇ ಗೇಟ್ ಹತ್ರ ನೋಡಿ" ಎಂದು ಮುಖ ತಿರುಗಿಸಿಕೊಂಡ. ಮುಚ್ಚಿದ ಗೇಟಿನ ಹತ್ತಿರ ಲಾರಿಗೇನು ಕೆಲಸ?

ಗೋದಾಮಿನ ಮೂಲೆಯಿಂದ ಇಣುಕಿದೆ. ಅಲ್ಲಿದ್ದಳು ಸವತಿ. ಸತ್ತಿರಲಿಲ್ಲ, ಜಾಗ ಬದಲಾಯಿಸಿದ್ದಳು.

ಗೋಡೆ ಕಟ್ಟಿದ ಗೇಟಿಗೆ ಮುಖಮಾಡಿ ಲಾರಿಯ ಹಿಂದೆ ಲಾರಿ, ಹಿಂದಿನ ಹಾಗೆಯೇ, ನೂಲು ಹಿಡಿದಂತೆ! ನೀವು ಸ್ಟೂಲಿನ ಮೇಲೆ ಟವೆಲ್ ಹೊದ್ದು ಕೂತಿದ್ದಿರಿ. ನೀವೆಲ್ಲ 'ಮಿಲಿಟರಿ' ಎನ್ನುವ ಆ ಡ್ರೈವರು ನಿಮ್ಮ ಗಡ್ಡ ಹೆರೆಯುತ್ತಿದ್ದ. ಸೋಪಿನ ಒಡತಿ ಅವನೇ ಎಂದು ತಿಳಿದಾಗ ನನಗೆ ಸ್ವಲ್ಪ ನಿರಾಶೆಯೇ ಆಯಿತು. ಅಷ್ಟರಲ್ಲಿ ಹಿಂದಿನ ಯಾರಿಗೋ ಫೋನು ಬಂತು, ಲೋಡು ಸಿಕ್ಕಿತು. ಅವನು ಹೊರಟ. ಅವನ ಹಿಂದಿದ್ದವರೆಲ್ಲ ಇಂಜಿನ್ ಹಾಕಿ, ಒಂದೊಂದು ಲಾರಿಯ ಉದ್ದ ಮುಂದೆ ಬಂದು, ಮತ್ತೆ ನಿಂತರು. ಎಲ್ಲಿಗೆ ಬಂದರು? ಗೋಡೆಗೆ ಇನ್ನಷ್ಟು ಹತ್ತಿರ.

ಅಕ್ಕ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ನಾನು ನಗಲಿಲ್ಲ. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದದ್ದು ನಮ್ಮ ಲಾರಿ. ನೀವು ಅರ್ಧ ಗಡ್ಡದಲ್ಲೇ ಫೋನು ತೆಗೆದು ನೋಡಿ, ಮತ್ತೆ ಜೇಬಿಗೆ ಹಾಕಿಕೊಂಡಿರಿ.

ಟೀ ಮಾರುವಾಕೆಯನ್ನು ಕೇಳಿದೆ. ಯಾರ ಹೆಂಡತಿ ಎಂದು ಹೇಳಲಿಲ್ಲ. "ಲೋಡೆಲ್ಲಾ ರೈಲಿಗೆ ಹೋಗ್ತಿದೆ ತಾಯಿ. ರೈಲು ಬಿಟ್ಟಿದ್ದು ಇವರಿಗೆ. ಮನೇಲಿ ಹೆಂಗೆ ಹೇಳೋದು ಅಂತ ಇಲ್ಲಿ ಬಂದು ನಿಂತ್ಕೋತಾರೆ" ಅಂದಳು. "ಸಾಲಾಗಿ ಯಾಕೆ?" ಎಂದೆ. "ಇನ್ನು ಹೆಂಗೆ ನಿಲ್ಲೋದು?" ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದಳು.

ನಾನು ನಿಮ್ಮನ್ನು ಕರೆಯದೆ ಬಸ್ಸು ಹತ್ತಿದೆ. ಬೇರೊಬ್ಬಳಿದ್ದಿದ್ದರೆ ಅಲ್ಲೇ ಜುಟ್ಟು ಹಿಡಿಯುತ್ತಿದ್ದೆ. ಗೋಡೆಯ ಜುಟ್ಟನ್ನು ಹೇಗೆ ಹಿಡಿಯಲಿ?

ಈಗ ಕಿವಿಗೊಟ್ಟು ಕೇಳಿ. ಅಕ್ಕನ ಮನೆಯ ಹಿಂದೆ ರೈಲಿನ ಸರಕು ಇಳಿಸುವ ಕಂಟೇನರ್ ಯಾರ್ಡು ಶುರುವಾಗಿದೆ. ಎಷ್ಟು ಮೆರೆದರೂ ರೈಲು ಅಲ್ಲಿಗೆ ನಿಲ್ಲಬೇಕು, ಯಾವ ಗೋದಾಮಿನ ಬಾಗಿಲಿಗೂ ಬರಲಾರದು. ಅಲ್ಲಿಂದ ಮುಂದಕ್ಕೆ ಲಾರಿಯೇ ಗತಿ, ಲಾರಿಗಳೇ ಸಾಲುತ್ತಿಲ್ಲ. "ನಾಲ್ಕು ರಾಜ್ಯ ಸುತ್ತಿದ ಗಾಡಿ ಊರೊಳಗೆ ಗಿರಕಿ ಹೊಡೆಯೋದಾ?" ಎಂದು ಮೀಸೆಯ ಮೇಲೆ ಕೈ ಹಾಕುತ್ತೀರಿ, ಗೊತ್ತು. ಮಿಲಿಟರಿ ಉಳಿಸಿದ ಮೀಸೆಯಲ್ಲವೇ, ಹಾಕಿ. ಆದರೆ ಗೋಡೆಯ ಮುಂದೆ ಹೊಡೆಯುವ ಗಿರಕಿಗಿಂತ ಇದು ಉದ್ದ. ಸಂಜೆಗೆ ಮನೆ.

ನನ್ನ ಅನುಮಾನ ಇನ್ನೂ ಒಂದು ಉಳಿದಿದೆ. ಲೋಡಿಲ್ಲವೆಂದು ಮಾತ್ರ ಅಲ್ಲಿ ನಿಲ್ಲುತ್ತಿದ್ದೀರಾ, ಅಥವಾ ದಿನಾ ಸಂಜೆ ನನ್ನ ಎದುರು ಕೂತು ಏನು ಮಾತಾಡುವುದೆಂಬ ಹೆದರಿಕೆಯೂ ಇದೆಯಾ? ಇದ್ದರೆ ಹೇಳಿಬಿಡಿ. ಆ ಹೆದರಿಕೆ ನನಗೂ ಇದೆ.

ಇತಿ,
ನೀವು ಬರುವಿರೆಂಬ ನಂಬಿಕೆಯನ್ನೂ ಅನುಮಾನದಿಂದಲೇ ನೋಡುತ್ತಿರುವ,
ನಿಮ್ಮ ಇವಳು

ಬರೆಯಲೋ ಬೇಡವೋ ಎಂದು ಕೊನೆಗೆ ಬಿಟ್ಟಿದ್ದು: ಅಕ್ಕನ ಮಂಡಿಗೆ ಏನೂ ಆಗಿಲ್ಲ, ಯಾವತ್ತೂ ಆಗಿರಲಿಲ್ಲ. ಆ ಎರಡು ತಿಂಗಳೂ ನಾನು ಬರುತ್ತಿದ್ದದ್ದು ಯಾರ್ಡಿನ ಆಫೀಸಿನ ತರಬೇತಿಗೆ. ನೀವು ನಗುತ್ತೀರೆಂದು ಹೇಳಿರಲಿಲ್ಲ. ಬರುವ ಸೋಮವಾರದಿಂದ ಕೆಲಸ, ಲಾರಿಗಳಿಗೆ ಫೋನಿನಲ್ಲಿ ಸಮಯ ಕಳಿಸುವ ಕುರ್ಚಿ. ನೀವು ಬಂದರೆ ನಿಮ್ಮ ಸಮಯವನ್ನೂ ನಾನೇ ಕಳಿಸುವುದು. ಆಮೇಲೆ ತಡವಾಗಿ ಬಂದು "ಲೈನಲ್ಲಿದ್ದೆ ಕಣೇ" ಎಂದು ಮಾತ್ರ ನನ್ನ ಹತ್ತಿರ ಹೇಳಬೇಡಿ.