ದೇವರ ಜಗಲಿ ಮ್ಯಾಲಿನ ತಾರು

ಏನ್ರಿ,

ಅತ್ತಿ, ಮಾವ, ನಾನು ಮೂರೂ ಮಂದಿ ವಾಗದರಿಗೆ, ಮಹಾನಂದಾನ ಗಂಡನ ಮನಿಗೆ ಹೊಂಟೀವಿ. ಮಧ್ಯಾಹ್ನ ಟಪಾಲ ಆಫೀಸಿಂದ ನಿಮ್ಮ ಹೆಸರಿಗೆ ತಾರು, ತಂತಿ ಸುದ್ದಿ ಬಂತು. ನೋಡಿದಕೂಡಲೆ ಅತ್ತಿ ಎದಿ ಬಡಕೊಂಡ್ರು. ನಿಮ್ಮ ತಂಗಿ ಮಹಾನಂದಾಗ ದಿನಾ ತುಂಬ್ಯಾವಲ್ಲ, ಹೆರಿಗ್ಯಾಗ ಏನೋ ಆಗ್ಯದ ಅಂತ ಮಾವನೂ ನೆಲಕ್ಕ ಕುಂತ್ರು. ಬಾಜೂಮನಿ ಮಾಸ್ತರ ಕಡೆ ಓದಸ್ತೀನಿ ಅಂದ್ರ, ಕೆಟ್ಟ ಸುದ್ದಿ ಕೇಳಲಾರೆವು ಅಂತ ಒಡ್ಯಾಕ ಬಿಡಲಿಲ್ಲ. ನಿಮ್ಮ ಆಫೀಸಿಗೆ ಹೇಳಿ ಕಳಿಸಿದ್ರ, ನೀವು ಕೆಲಸದ ಮ್ಯಾಲ ಪಂಢರಪುರಕ್ಕ ಹೋಗೀರಿ ಅಂದ್ರು.

ವಿಲಾಯತದಾಗ ಟಪಾಲಿನವರು ಕೆಲಸ ಬಿಟ್ಟು ಸಂಪ ಹೂಡ್ಯಾರ, ನಿಮ್ಮ ವಿಮಾ ಲೆಕ್ಕದ ಆಕ್ಚುರಿ ಪರೀಕ್ಷಾದ ರಿಸಲ್ಟ ತಡಾ ಆಗ್ಯದ, ಮುಂಬೈದ ಗೆಳ್ಯಾ ತಿಳದಕೂಡಲೆ ತಾರು ಮಾಡ್ತಾನ ಅಂತ ನನಗಷ್ಟ ಹೇಳಿದ್ರಿ. ದೃಷ್ಟಿ ಆಗ್ತದ, ಮನ್ಯಾಗ ಬಾಯಿ ಬಿಡಬ್ಯಾಡ ಅಂದ್ರಿ. ಇವತ್ತ ಬಾಯಿ ಬಿಟ್ಟೆ, ಯಾರೂ ನಂಬಲಿಲ್ಲ. ಪರೀಕ್ಷಾಕ್ಕ ಯಾರರ ತಾರು ಮಾಡ್ತಾರೇನು ಅಂದ್ರು ಮಾವ.

ತಾರು ದೇವರ ಜಗಲಿ ಮ್ಯಾಲ ಅದ. ರೊಟ್ಟಿ, ಶೇಂಗಾ ಚಟ್ನಿ ಬುಟ್ಟ್ಯಾಗ ಅದಾವ. ಉಂಡು, ಸಂಜಿ ಅಕ್ಕಲಕೋಟ ಬಸ್ಸಿಗೆ ಬರ್ರಿ. ನಿಮ್ಮ ಅಪ್ಪನ ಮ್ಯಾಲ ಸಿಟ್ಟಾಗಬ್ಯಾಡ್ರಿ, ಹೇಳದ ಇದ್ದವರು ನಾವು.

ನೀವು ಪಾಸ ಆಗ್ಬೇಕಂತ ಎರಡು ವರ್ಷ ಸೋಮವಾರದ ಉಪಾಸ ಹಿಡದಾಕಿ ನಾನು. ಇವತ್ತ, ಆ ತಾರಿನ್ಯಾಗ ನಾಪಾಸ ಅಂತಾದ್ರೂ ಇರ್ಲಿ ಅಂತ ದೇವರು ಸಿದ್ಧರಾಮಗ ಬೇಡಕೊಂಡು ಹೊಂಟೀನಿ.