ನೀರು ಕುಡಿದ ಕೌದಿ

ಸಿಂಧನೂರು
೯ ಜನವರಿ ೨೦೨೫, ಗುರುವಾರ

ನನ್ನ ಪ್ರೀತಿಯ ಅವ್ವಾ,

ಮೊಣಕಾಲು ಹೇಗಿದೆ? ಬಿಪಿ ಗುಳಿಗೆಗಳನ್ನು ಇಲ್ಲೇ ಕಪಾಟಿನ ಮೇಲೆ ಬಿಟ್ಟು ಹೋಗಿದ್ದೀಯ. ನರ್ಸ್ ಮಗಳನ್ನು ಇಟ್ಟುಕೊಂಡು, ಗುಳಿಗೆ ಬಿಟ್ಟು ಸಿಟ್ಟನ್ನು ಮಾತ್ರ ಗಂಟು ಕಟ್ಟಿಕೊಂಡು ಹೋದವಳು ನೀನೊಬ್ಬಳೇ ಇರಬೇಕು. ಈ ಪತ್ರದ ಜತೆ ಕಳಿಸಿದ್ದೇನೆ, ಬೆಳಿಗ್ಗೆ ಉಂಡ ಮೇಲೆ ಒಂದು ತಗೋ. ಸಂತೆಕಲ್ಲೂರಿನ ಎರೆಹೊಲದ ಗಾಳಿ ಈಗ ಕೊರೆಯುತ್ತದೆ, ಪಡಸಾಲೆಯಲ್ಲಿ ಮಲಗಬೇಡ. ಗಾಳೆಮ್ಮ ಚಿಗವ್ವನ ಕೆಮ್ಮು ಕಡಿಮೆಯಾಯಿತೇ? ಫೋನ್ ಮಾಡಿದರೆ ಚಿಗವ್ವ ಎತ್ತಿ "ನಿಮ್ಮವ್ವ ಹೊಲಕ್ಕ ಹೋಗ್ಯಾಳ" ಎನ್ನುತ್ತಾಳೆ, ಅವಳ ಬೆನ್ನ ಹಿಂದೆ ನೀನು ಎಲೆಅಡಿಕೆ ಕುಟ್ಟುವ ಸದ್ದು ಕೇಳುತ್ತದೆ. ತಂಗಿಗೂ ಸುಳ್ಳು ಕಲಿಸಿದ್ದೀಯ. ಅದಕ್ಕೇ ಬರೆಯಲು ಕೂತೆ. ಚಿಗವ್ವನ ಊರಿನ ಬುಡ್ಡೇಸಾಬ್ ತನ್ನ ಆಟೊದ ಟೈರು ಬದಲಿಸಲು ಇಲ್ಲಿಗೆ ಬಂದಿದ್ದಾನೆ, ಅವನ ಕೈಲಿ ಕೊಡುತ್ತೇನೆ. ಚಿಗವ್ವನ ಮೊಮ್ಮಗಳು ಓದಿ ಹೇಳಲಿ. ಓದುವ ಹುಡುಗಿಯೇ, ಅಜ್ಜಿ "ಸಾಕು ಬಿಡು" ಅಂದರೂ ನಿಲ್ಲಿಸಬೇಡ, ಬಯ್ಗುಳ ಬಂದರೂ ನುಂಗದೆ ಓದು.

ಅವ್ವಾ, ನಿನಗೆ ನಾವು ಹೇಳಿದ್ದು ಅರ್ಧ ಮಾತು. ಈಗ ಇಡೀ ಮಾತು ಕೇಳು. ನಿನ್ನ ಮೊಮ್ಮಗಳು ಸಂಘಮಿತ್ರಾ ಬರುವ ಭಾನುವಾರ ಕಾಲೇಜಿನವರ ಜತೆ ರಾಯಚೂರಿನಲ್ಲಿ ದೆಹಲಿ ರೈಲು ಹತ್ತಬೇಕು. ಅಲ್ಲಿಂದ ಮುಂದೆ ಹೃಷಿಕೇಶ. "ಚಳಿ ದೇಶದಾಗ ಕ್ಯಾಂಪ್ ಐತಿ ಅಜ್ಜಿ" ಎಂದಷ್ಟೇ ಅವಳು ಮೊದಲು ಹೇಳಿದ್ದಳು. ಕ್ಯಾಂಪಿನಲ್ಲಿ ಏನು ಮಾಡುತ್ತಾರೆಂದು ನೀನು ಕೇಳಲಿಲ್ಲ, ನಾವೂ ಬಾಯಿ ಬಿಡಲಿಲ್ಲ. ಅಲ್ಲಿ ಮಾಡುವುದು ರಾಫ್ಟಿಂಗ್. ಹಿಮದ ಬೆಟ್ಟದಿಂದ ಇಳಿಯುವ ಹೊಳೆ ಬಂಡೆಗಳ ನಡುವೆ ಬೆಳ್ಳಗೆ ನೊರೆ ಕಾರುತ್ತ ಓಡುವ ಕಡೆ, ಗಾಳಿ ತುಂಬಿದ ರಬ್ಬರ್ ದೋಣಿಯ ಅಂಚಿನ ಮೇಲೆ ಕೂತು ಹುಟ್ಟು ಹಾಕುವುದು. ಅದೂ ಮೈ ಮರಗಟ್ಟುವ ಜನವರಿಯಲ್ಲಿ. ನಿನಗೆ ಕೇಳಿಸಿದ್ದು ಚಳಿ ಒಂದೇ. ನಮಗೆ ಗೊತ್ತಿರುವ ಚಳಿ ಯಾವುದು? ಕಿವಿಗೆ ಟವೆಲ್ ಸುತ್ತಿ ಒಂದು ಕಪ್ ಚಹಾ ಕುಡಿದರೆ ಓಡಿಹೋಗುವ ಸಿಂಧನೂರಿನ ಚಳಿ. ರಸ್ತೆ ಬದಿಯಲ್ಲಿ ನೇಪಾಳದವರು ಹಾಕಿದ್ದ ಅಂಗಡಿಯಲ್ಲಿ ಸ್ವೆಟರ್ ತರೋಣ ಎಂದರೆ ನೀನು ಬಿಡಲಿಲ್ಲ. "ಅವರ ಸೇಟರ್ ಅವರಿಗಿರಲಿ, ನನ್ನ ಕೂಸಿಗೆ ನಾ ಹೊಲೀತೀನಿ" ಎಂದು ಹಳೆಯ ಸೀರೆಗಳನ್ನು ಪದರ ಪದರ ಸೇರಿಸಿ ತೋಳಿಲ್ಲದ ಕೌದಿ ಅಂಗಿ ಹೊಲಿದೆ. ಜೋಳದ ತೆನೆಯ ಕಾಳಿನಂತೆ ಒತ್ತೊತ್ತಾದ ಹೊಲಿಗೆ. ಕಣ್ಣಿಗೆ ಪೊರೆ ಬಂದವಳು ಹೊಲಿದದ್ದು ಎಂದರೆ ಯಾರೂ ನಂಬುವುದಿಲ್ಲ. ಅದನ್ನು ತೊಟ್ಟು ಮಿತ್ರಾ ಮನೆ ತುಂಬ ಮೆರೆದಾಡಿದಳು. ಆಗಲಾದರೂ ನಾನು ನೀರಿನ ಮಾತು ಎತ್ತಬೇಕಿತ್ತು. ನಿನ್ನ ಮುಖ ನೋಡಿ ಧೈರ್ಯ ಬರಲಿಲ್ಲ.

ಈ ತಂಡವನ್ನು ಕಟ್ಟಿದವರು ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರು ಜಬೀವುಲ್ಲಾ. ನೀರಿನಲ್ಲಿ ತೇಲಲಾದರೂ ಬಾರದವರನ್ನು ದೋಣಿ ಹತ್ತಿಸುವುದಿಲ್ಲ ಎಂದು ಅವರು ಮೊದಲೇ ಹೇಳಿಬಿಟ್ಟರು. ಎಲ್ಲಿ ಕಲಿಸುವುದು ಎಂಬ ಮಾತು ಬಂದಾಗ ಮಿತ್ರಾಳ ತರಗತಿಯ ಹುಡುಗ ಚನ್ನವೀರ, "ಬಳಗಾನೂರಾಗ ನಮ್ಮ ಬಾವಿ ಐತ್ರಿ ಸರ್, ಮೆಟ್ಲ ಅದಾವ" ಎಂದನಂತೆ. ಮಿತ್ರಾ ಮನೆಗೆ ಬಂದು ಕುಣಿಯುತ್ತ ಹೇಳಿದಳು. ಚನ್ನವೀರನ ಅಜ್ಜನ ಹೆಸರು ಕೇಳಿದೆ. ಅಮರಗುಂಡಪ್ಪ ಎಂದಳು. ನನ್ನ ಕೈಯಲ್ಲಿದ್ದ ಅನ್ನದ ತುತ್ತು ಕೈಯಲ್ಲೇ ಉಳಿಯಿತು.

ಅದೇ ಬಾವಿ ಅವ್ವಾ. ನಾವು ಬಿಟ್ಟುಬಂದ ಊರಿನ ಹುಡುಗರೆಲ್ಲ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ ಬಾವಿ. ನಮ್ಮ ಕೇರಿಯ ಹುಡುಗರು ದಂಡೆಯ ಮೇಲೆ ನಿಂತು ಬಾಯಿ ಬಿಟ್ಟು ನೋಡಿದ ಬಾವಿ. ಅಣ್ಣ ಜಂಬಣ್ಣ ಒಂದು ದಿನ ಕೆಳಗಿನ ಮೆಟ್ಟಿಲಿನವರೆಗೂ ಇಳಿದಿದ್ದನ್ನು, ಅಮರಗುಂಡಪ್ಪ ಅವನನ್ನು ಎಬ್ಬಿಸಿ ಅಟ್ಟಿದ್ದನ್ನು ನೀನೇ ನನಗೆ ಹೇಳಿದ್ದೀಯ. "ನಿಮ್ಮ ಮೈ ಬಿದ್ರ ಬಾವಿ ಯಾರು ತೊಳೀಬೇಕಲೇ" ಎಂದಿದ್ದನಂತೆ. ಬೇಸಿಗೆಯ ಬಿಸಿಲು, ಹುಡುಗನ ಮೈ, ನೀರು ಬೇಡವೆಂದರೆ ಕೇಳುತ್ತದೆಯೇ? ಅಣ್ಣ ಕಾಲುವೆಗೆ ಹೋದ. ಕಾಲುವೆಗೆ ಮೆಟ್ಟಿಲಿಲ್ಲ, ಹಿಡಿಯಲು ಬೇರಿಲ್ಲ, ಪಾಚಿ ಹಿಡಿದ ಸಿಮೆಂಟಿನ ಇಳಿಜಾರು. ಹೆಣ ತುರ್ವಿಹಾಳದ ಕಡೆ ಸಿಕ್ಕಿತು. ಅಂದಿನಿಂದ ನಮ್ಮ ಮನೆಯಲ್ಲಿ ನೀರೆಂದರೆ ಕೊಡಪಾನದ ನೀರು ಅಷ್ಟೇ. ನನ್ನನ್ನು ಕೆರೆಯ ದಂಡೆಗೂ ನೀನು ಬಿಡಲಿಲ್ಲ.

ಚಳವಳಿಯಲ್ಲಿ ನಾವು ಕುಡಿಯುವ ನೀರಿಗಾಗಿ ಗಂಟಲು ಹರಿದುಕೊಂಡೆವು. ಹೋಟೆಲಿನ ಲೋಟಕ್ಕಾಗಿ, ಬೋರಿನ ಸಾಲಿಗಾಗಿ, ಗುಡಿಯ ಮುಂದಿನ ನಲ್ಲಿಗಾಗಿ ಧರಣಿ ಕೂತೆವು. ಈಜುವ ನೀರಿಗಾಗಿ ಯಾರೂ ಒಂದು ಘೋಷಣೆ ಬರೆಯಲಿಲ್ಲ. ಆಟವಾಡುವ ನೀರೂ ಹಕ್ಕು ಎಂದು ನಮಗೇ ಹೊಳೆಯಲಿಲ್ಲ. ಈಜು ಬಾರದೆ ಸತ್ತ ನಮ್ಮ ಮಕ್ಕಳನ್ನು ಕಾಲು ಜಾರಿ ಬಿದ್ದರು ಎಂದು ಬರೆಸಿ ಮಣ್ಣು ಮಾಡಿದೆವು. ತುರ್ವಿಹಾಳದ ಆಸ್ಪತ್ರೆಯಲ್ಲಿ ನಾನು ಡ್ಯೂಟಿಗೆ ಸೇರಿದಾಗಿನಿಂದ ನೋಡುತ್ತಿದ್ದೇನೆ, ಕಾಲುವೆಗೆ ನೀರು ಬಿಟ್ಟಾಗಲೆಲ್ಲ ಚಾಪೆಯಲ್ಲಿ ಸುತ್ತಿ ತರುತ್ತಾರೆ. ಯಾವ ಕೇರಿಯ ಮಗು ಎಂದು ನಾನು ಕೇಳುವುದೇ ಇಲ್ಲ. ಕಾಲುವೆ ಅಣ್ಣನನ್ನು ಕೊಂದಿತು ಎಂದು ನೀನು ಇಂದಿಗೂ ಅದಕ್ಕೆ ಶಾಪ ಹಾಕುತ್ತೀಯ. ಕೊಂದದ್ದು ಕಾಲುವೆಯಲ್ಲ ಅವ್ವಾ, ಆ ಬಾವಿ. ಅಲ್ಲಿ ಕಲಿತಿದ್ದರೆ ಅವನು ಇಲ್ಲಿ ದಡ ಹತ್ತುತ್ತಿದ್ದ.

ಅದಕ್ಕೇ ಹೋಗಲಿ ಎಂದೆ. ಅದೇ ಬಾವಿಯಲ್ಲೇ ಕಲಿಯಲಿ, ನಾನೂ ಬರುತ್ತೇನೆ ಎಂದೆ. ಕಳೆದ ಭಾನುವಾರ ನಾವಿಬ್ಬರೂ ಆಸ್ಪತ್ರೆಯ ಕೆಲಸವೆಂದು ನಿನಗೆ ಹೇಳಿ ಬಸ್ ಹತ್ತಿದ್ದು ಅಲ್ಲಿಗೆ. ಅಮರಗುಂಡಪ್ಪ ಇನ್ನೂ ಇದ್ದಾನೆ. ಪಂಪ್‌ಸೆಟ್ ಮನೆಯ ಮುಂದೆ ಹೊರಸಿನ ಮೇಲೆ ಕೂತು ಬಿಸಿಲು ಕಾಯಿಸುತ್ತಿದ್ದ. ಮಿತ್ರಾಳನ್ನು ನೋಡಿ "ಯಾರ ಮಗಳವ್ವ ನೀನು" ಎಂದು ಅಕ್ಕರೆಯಿಂದಲೇ ಕೇಳಿದ. ಅವಳು ಬಾಯಿ ತೆರೆಯುವ ಮೊದಲು ನಾನು ಹೇಳಿದೆ, "ನೀವು ಈ ಮೆಟ್ಲದಿಂದ ಎಬ್ಬಿಸಿ ಕಳಿಸಿದ್ರೆಲ್ಲ, ಜಂಬಣ್ಣ, ಅವನ ತಂಗಿ ಮಗಳ್ರೀ." ಮುದುಕ ಟವೆಲ್ ತೆಗೆದು ಮುಖ ಒರೆಸಿಕೊಂಡ. "ಅದು ಬಾಳ ಹಿಂದಿನ ಮಾತವಾ" ಎಂದ. "ನಿಮಗ ಹಿಂದಿಂದ್ರೀ. ನಮ್ಮವ್ವಗ ದಿನಾ ಮುಂಜಾನಿದು" ಎಂದೆ. ಚನ್ನವೀರನಿಗೆ ಈ ಸಂಗತಿ ಯಾರೂ ಹೇಳಿರಲಿಲ್ಲವಂತೆ. ಇಂಥ ಸಂಗತಿ ಆ ಮನೆಗಳಲ್ಲಿ ಯಾರು ಹೇಳುತ್ತಾರೆ? ಹುಡುಗ ಒಳ್ಳೆಯವನು, ಇಲ್ಲವೆನ್ನಲಾರೆ. ಒಬ್ಬ ಹುಡುಗ ಒಳ್ಳೆಯವನಾದರೆ ಊರು ಒಳ್ಳೆಯದಾಗುವುದಿಲ್ಲ, ಅದನ್ನೂ ಬಲ್ಲೆ.

ಆಮೇಲೆ ನಡೆದದ್ದರಲ್ಲಿ ನಿನಗೆ ಗೊತ್ತಿರುವುದು ಚೂರು. ಆ ದಿನ ಜಾಕೆಟ್‌ಗಳು ಇನ್ನೂ ಬಂದಿರಲಿಲ್ಲ. ಬುರುಡೆಯ ಬದಲು ಖಾಲಿ ಎಣ್ಣೆ ಕ್ಯಾನನ್ನು ಮಿತ್ರಾಳ ಬೆನ್ನಿಗೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಮೇಷ್ಟ್ರು ನೀರಿಗಿಳಿಸಿದರು. ಅವಳು ಚೂಡಿದಾರದ ಒಳಗೆ ನಿನ್ನ ಕೌದಿ ಅಂಗಿ ತೊಟ್ಟಿದ್ದಳು. ಅಲ್ಲಿಯ ಚಳಿಗೆ ಅದನ್ನೇ ತೊಡುವುದಲ್ಲವೇ, ಇಲ್ಲೇ ರೂಢಿ ಮಾಡಿಕೊಳ್ಳುತ್ತೇನೆ ಎಂದು ಅವಳ ಲೆಕ್ಕ. ಮೇಷ್ಟ್ರಿಗೆ ಹೇಳಿರಲಿಲ್ಲ. ನಾನು ನೋಡಿದ್ದೆ, ಮೈ ಬೆಚ್ಚಗಿರಲಿ ಎಂದು ಸುಮ್ಮನಿದ್ದೆ. ನೀರಿನ ಸುದ್ದಿಯೇ ಗೊತ್ತಿಲ್ಲದ ಮನೆಯವರು ಮಾಡುವ ತಪ್ಪು ಇದು. ನಿನ್ನ ಅಷ್ಟೂ ಸೀರೆಗಳು ಒಂದೇ ಸಲಕ್ಕೆ ನೀರು ಕುಡಿದವು. ಕ್ಯಾನ್ ಮೇಲೆಳೆಯಿತು, ಕೌದಿ ಕೆಳಗೆಳೆಯಿತು. ಅವಳ ಗದ್ದ ಮುಳುಗಿತು, ಬಾಯಿ ಮುಳುಗಿತು, ಆಮೇಲೆ ಕೂದಲಷ್ಟೇ ಕಂಡಿತು. ನಾನು ಕೊನೆಯ ಮೆಟ್ಟಿಲ ಮೇಲಿದ್ದೆ ಅವ್ವಾ. ಕಾಲು ಮುಂದಿಡಲಾಗಲಿಲ್ಲ. ಎಷ್ಟೋ ಜನರ ಎದೆ ಒತ್ತಿ ನೀರು ತೆಗೆದ ಈ ಕೈ ಮೆಟ್ಟಿಲ ಕಲ್ಲನ್ನು ಹಿಡಿದುಕೊಂಡು ಕೂತಿತು. ಮೇಷ್ಟ್ರು ಹಗ್ಗ ಜಗ್ಗುವಷ್ಟರಲ್ಲಿ ಚನ್ನವೀರ ಹಾರಿ, ಅವಳ ರಟ್ಟೆ ಹಿಡಿದು ಮೇಲೆತ್ತಿದ. ಕೆಮ್ಮಿ ಕೆಮ್ಮಿ ನೀರು ಕಾರಿದ ಮೇಲೆ ನಿನ್ನ ಮೊಮ್ಮಗಳು ಆಡಿದ ಮೊದಲ ಮಾತು, "ಅಜ್ಜಿಗೆ ಹೇಳಬ್ಯಾಡ ಬೇ ಯವ್ವಾ, ಕೌದಿ ಮ್ಯಾಲೆ ತಪ್ಪು ಹಾಕ್ಕೋತಾಳ" ಎಂದು.

ಮರುದಿನ ಅಂಗಳದ ತಂತಿಯ ಮೇಲೆ ಆ ಕೌದಿ ನೋಡಿ ನೀನೇ ಕೇಳಿದೆ. ಇಡೀ ದಿನ ಒಣಗಿದರೂ ನೀರು ತೊಟ್ಟಿಕ್ಕುತ್ತಿದೆಯಲ್ಲ, ಪಾಚಿಯ ವಾಸನೆ ಬರುತ್ತಿದೆಯಲ್ಲ ಎಂದೆ. ಮುಚ್ಚಿಡಲಾಗಲಿಲ್ಲ. ಹೊಳೆಯ ಸಂಗತಿ, ಬಾವಿಯ ಸಂಗತಿ, ಯಾರ ಬಾವಿ ಎಂಬುದು ಎಲ್ಲ ಒಂದೇ ಉಸಿರಿಗೆ ಹೊರಬಿತ್ತು. ನೀನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಒಬ್ಬನ್ನ ಕೊಟ್ಟೀನಿ. ಇನ್ನ ಕೊಡಂಗಿಲ್ಲ" ಎಂದು ಚೀಲ ತಗೊಂಡು ಮಸ್ಕಿ ಬಸ್ ಹತ್ತಿದೆ. ಲಿಂಗಸುಗೂರು ಡಿಪೊದಿಂದ ಡ್ಯೂಟಿ ಮುಗಿಸಿ ಬಂದ ನಿನ್ನ ಅಳಿಯ ಹುಸೇನಪ್ಪನಿಗೆ ನಾನು ಎಲ್ಲ ಹೇಳಿದೆ. ಅವರ ಉತ್ತರ ನಿನಗೆ ಗೊತ್ತೇ ಇದೆ: "ಅತ್ತಿ ಹೆಂಗಂತಾಳ ಹಂಗ." ಬಸ್ಸನ್ನು ತಿರುವಿನಲ್ಲಿ ತಿರುಗಿಸುವ ಧೈರ್ಯ ಮನೆಯಲ್ಲಿ ಒಂದು ಮಾತು ತಿರುಗಿಸಲು ಇಲ್ಲ ಆ ಮನುಷ್ಯನಿಗೆ.

ನೀನು ಹೋದ ಮೇಲೆ ಏನೇನು ಮಾಡಿದೆವೋ ಅದನ್ನೂ ಕೇಳು. ಜಾಕೆಟ್‌ಗಳು ಬಂದವು. ಬೆಂಡು ತುಂಬಿದ ದಪ್ಪ ಜಾಕೆಟ್, ತೊಟ್ಟವರು ಮುಳುಗಬೇಕೆಂದರೂ ಮುಳುಗಲಾರರು ಎನ್ನುತ್ತಾರೆ ಮೇಷ್ಟ್ರು. ಅಲ್ಲಿ ಮೈಗಂಟುವ ರಬ್ಬರ್ ಅಂಗಿ ಕೊಡುತ್ತಾರಂತೆ. ಹತ್ತಿ ಬಟ್ಟೆ ಮೈಮೇಲೆ ಒಂದು ಚೂರೂ ಇರಬಾರದು, ಒಳಗೆ ಉಣ್ಣೆಯದಿದ್ದರೆ ನಡೆಯುತ್ತದೆ. ಹಾಗಾಗಿ ಕಡೆಗೂ ನೇಪಾಳದವರ ಹತ್ತಿರ ಹೋದೆವು, ಬಯ್ಯಬೇಡ. ಕಾಲೇಜಿನ ಹಿಂದಿನ ಗಚ್ಚಿನ ತೊಟ್ಟಿಗೆ ಐಸ್ ಫ್ಯಾಕ್ಟರಿಯ ಗಡ್ಡೆ ತಂದು ಸುರಿದು ಒಬ್ಬೊಬ್ಬರನ್ನೇ ಕೂರಿಸಿದರು. ಅಂಥ ನೀರು ಮೈಗೆ ಬಡಿದ ಕೂಡಲೇ ಮನುಷ್ಯ ಬಾಯಿ ತೆರೆದು ಉಸಿರೆಳೆಯುತ್ತಾನೆ, ಆಗ ತಲೆ ನೀರೊಳಗಿದ್ದರೆ ನೀರನ್ನೇ ಎಳೆದುಕೊಳ್ಳುತ್ತಾನೆ. ಆ ಮೊದಲ ಗಳಿಗೆಯನ್ನು ಹಲ್ಲುಕಚ್ಚಿ ದಾಟಬೇಕು, ಆಮೇಲೆ ಉಸಿರು ಹಿಡಿತಕ್ಕೆ ಬರುತ್ತದೆ. ಮಿತ್ರಾ ಕೂತಳು. ತುಟಿ ನೇರಳೆಹಣ್ಣಾಯಿತು, ಎದ್ದು ಓಡಲಿಲ್ಲ. ಅವಳು ಎದ್ದ ಮೇಲೆ ನಾನೂ ಕೂತೆ. ಮಗಳನ್ನು ಎಂಥದರೊಳಗೆ ಕಳಿಸುತ್ತಿದ್ದೇನೆಂದು ನನ್ನ ಮೈಗೂ ಗೊತ್ತಾಗಲಿ ಎಂದು. ಎದೆಯ ಮೇಲೆ ಯಾರೋ ಬೀಸುಕಲ್ಲು ಇಟ್ಟಂತಾಯಿತು. ಅವ್ವಾ ಎಂದು ಕೂಗಲು ಹೋದರೆ ದನಿ ಬರಲಿಲ್ಲ. ಅಣ್ಣನಿಗೂ ಹೀಗೇ ಆಗಿತ್ತೇನೋ ಅನ್ನಿಸಿತು. ಅಂದಿನಿಂದ ಅನ್ನ ಸೇರುತ್ತಿಲ್ಲ. ದೋಣಿಯಿಂದ ಬಿದ್ದರೆ ಮಲಗಿದಂತೆ ತೇಲಬೇಕು, ಕಾಲು ಮುಂದೆ ಚಾಚಬೇಕು, ಹೊಳೆಯಲ್ಲಿ ಎದ್ದು ನಿಲ್ಲಲು ಮಾತ್ರ ಹೋಗಬಾರದು ಎಂದು ಮೇಷ್ಟ್ರು ಹೇಳಿಕೊಡುತ್ತಾರೆ. ನಿಂತವರ ಕಾಲು ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡರೆ ನೀರು ಅವರನ್ನು ಅಲ್ಲೇ ಬಗ್ಗಿಸಿ ಮುಳುಗಿಸಿಬಿಡುತ್ತದಂತೆ. ನಾನು ಸಾಯಂಕಾಲ ರೊಟ್ಟಿ ಬಡಿಯುತ್ತ ಅದನ್ನೇ ಗುನುಗುತ್ತಿರುತ್ತೇನೆ, ನಿಲ್ಲಬ್ಯಾಡ ಮಿತ್ರಾ, ನಿಲ್ಲಬ್ಯಾಡ.

ಕೌದಿಯ ತಪ್ಪು ನಿನ್ನದಲ್ಲ. ಚಳಿ ಎಂದೆವು, ನೀನು ಚಳಿಗೆ ಹೊಲಿದೆ. ನೀರಿಗೆ ಎಂದು ನಾವು ಹೇಳಬೇಕಿತ್ತು. ಕೌದಿ ಈಗ ಒಣಗಿದೆ, ಮಡಿಸಿ ನಿನ್ನ ಹಾಸಿಗೆಯ ಮೇಲಿಟ್ಟಿದ್ದೇನೆ. ನಿನಗೆ ಕೈಮುಗಿಯಲು ನಿನ್ನ ಗಂಗಮ್ಮ ಇದ್ದಾಳೆ, ನನಗೆ ಆ ಆಸರೆಯೂ ಇಲ್ಲ. ಬಾಬಾಸಾಹೇಬರ ಪಟದ ಮುಂದೆ ನಿಂತರೆ, ಓದು, ಕಟ್ಟು, ಹೋರಾಡು ಎನ್ನುತ್ತಾರೆ. ತೇಲುವುದು ಹೇಗೆಂದು ಅವರನ್ನು ಕೇಳಲಾದೀತೇ?

ಚಿಗವ್ವನಿಗೆ ನನ್ನ ಜೈಭೀಮ್ ಹೇಳು. ಓದಿದ ಹುಡುಗಿಗೆ ಇದರ ಜತೆಗಿರುವ ಪೇಡೆಯಲ್ಲಿ ಎರಡು ಹೆಚ್ಚು ಕೊಡು, ನಿನಗೆ ಒಂದೇ. ಮೈ ಜೋಪಾನ. ನಿನ್ನ ಕಾಲಿಗೆ ಬಿದ್ದು ಬರೆದಿದ್ದೇನೆ ಎಂದು ತಿಳಿ, ಬೀಳುವುದು ನನ್ನ ಪದ್ಧತಿಯಲ್ಲದಿದ್ದರೂ.

ನಿನ್ನ ಮಗಳು
ಪಂಪಾವತಿ

ತಾ.ಕ.: ಬುಡ್ಡೇಸಾಬ್ ಹಾರ್ನ್ ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಇಷ್ಟುದ್ದ ಬರೆದೂ ಹೇಳಬೇಕಾದ್ದು ಹೇಳಿಲ್ಲ. ಇವತ್ತು ಬೆಳಿಗ್ಗೆ ಮಿತ್ರಾ ಮೇಷ್ಟ್ರ ಹತ್ತಿರ ಹೋಗಿ ತಾನು ಬರುವುದಿಲ್ಲ ಎಂದು ಹೆಸರು ತೆಗೆಸಿ ಬಂದಿದ್ದಾಳೆ. ಅಜ್ಜಿಯನ್ನು ಅಳಿಸಿ ಯಾವ ಹೊಳೆಯೂ ಬೇಡವಂತೆ. ಮೇಷ್ಟ್ರು ನಾಳೆ ಸಂಜೆಯವರೆಗೆ ಜಾಗ ಖಾಲಿ ಇಟ್ಟಿರುತ್ತಾರೆ. ಅವಳು ಹಾಗೆಂದಾಗ ನನಗೆ ಏನಾಯಿತು ಗೊತ್ತೇ? ಉಸಿರು ಬಂತು. ಹಸಿವಾಯಿತು, ಎರಡು ರೊಟ್ಟಿ ತಿಂದೆ. ತಿಂದು ಕೈ ತೊಳೆಯುವಾಗ ಹೆದರಿಕೆ ಹತ್ತಿತು ಅವ್ವಾ. ಅಮರಗುಂಡಪ್ಪ ಅಣ್ಣನನ್ನು ಬೈದು ಎಬ್ಬಿಸಿದ, ನಾನು ಮಗಳನ್ನು ಬಾಯಿ ಮುಚ್ಚಿಕೊಂಡು, ಪ್ರೀತಿಯಿಂದ ಎಬ್ಬಿಸುತ್ತಿದ್ದೇನೆ. ಹೋಗು ಎಂದು ಅವಳಿಗೆ ಹೇಳಲು ನನ್ನ ನಾಲಿಗೆ ಏಳುತ್ತಿಲ್ಲ. ಬೇಡ ಎನ್ನುವುದಾದರೂ ಹೂಂ ಎನ್ನುವುದಾದರೂ ಯಾರ ಕೈಲೂ ಹೇಳಿ ಕಳಿಸಬೇಡ. ಬುಡ್ಡೇಸಾಬನಿಗೆ ಹೇಳಿದ್ದೇನೆ, ಆಟೊ ತಿರುಗಿಸಿಕೊಂಡು ಬಾಗಿಲಲ್ಲಿ ನಿಂತಿರುತ್ತಾನೆ. ಹತ್ತಿ ಬಾ. ಅವಳ ಎದುರಿಗೆ ಕೂತು, ಅವಳ ಮುಖ ನೋಡಿ, ನಿನ್ನ ಬಾಯಿಂದಲೇ ಹೇಳು.