ಮೂರನೆಯ ಬಾವಿಯ ಪುಸ್ತಕ

ಮನೆಯಿಂದ,
ಮಾರ್ಚ್ ಹದಿನೇಳು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಮನೆಯೊಡತಿಗೆ,

ನಿನ್ನ ಅಕ್ಕನ ಮೊಣಕಾಲು ಹೇಗಿದೆ? ಕೋಲು ಹಿಡಿದು ಬಾಗಿಲವರೆಗೆ ನಡೆದರಂತೆ, ಮಗ ಹೇಳಿದ. ಸಂತೋಷ. ನಿನ್ನ ಸೊಂಟದ ಸುದ್ದಿಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಎತ್ತಿ ಕೂರಿಸುವವಳಿಗೂ ಒಂದು ಸೊಂಟ ಇರುತ್ತದೆಂದು ಅವರಿಗೆ ನೆನಪಿಸು. ನಾನು ಮಾತ್ರೆ ತಪ್ಪಿಸಿಲ್ಲ. ಕಿಟಕಿಯ ಗಿಡಗಳಲ್ಲಿ ಒಂದು ಬಾಡಿದೆ, ಯಾವುದೆಂದು ನೀನು ಬಂದು ನೋಡಿಯೇ ಬೈಯುವೆಯಂತೆ. ಫೋನು ಇರುವಾಗ ಪತ್ರವೇಕೆ ಎಂದು ಹುಬ್ಬೇರಿಸಬೇಡ. ಫೋನು ಮಾಡಿದರೆ ನಿನ್ನ ಅಕ್ಕ ಸ್ಪೀಕರ್ ಹಾಕಿಸುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಅವರ ಬೀದಿಗೆಲ್ಲ ನಮ್ಮ ಮನೆಯ ಸಮಾಚಾರ. ಇದನ್ನು ಪರಿಚಯದ ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ, ಸಂಜೆಯೊಳಗೆ ನಿನ್ನ ಕೈ ಸೇರುತ್ತದೆ. ಒಬ್ಬಳೇ ಕೂತು ಓದು.

ವಿಷಯ ನಮ್ಮ ಸೊಸೆಯದು. ಹೆದರಬೇಡ, ಆರೋಗ್ಯವಾಗಿದ್ದಾಳೆ. ಆದರೆ ಬರುವ ಶುಕ್ರವಾರ ಅವಳು ತಾನು ಕೆಲಸ ಮಾಡುವ ಕಾಗದದ ಗಿರಣಿಯ ವಾರ್ಷಿಕ ವರದಿಯ ನೀರಿನ ಲೆಕ್ಕಕ್ಕೆ ಸಹಿ ಹಾಕಬೇಕು. ತಪ್ಪೆಂದು ಗೊತ್ತಿರುವ ಅಂಕಿಗೆ ಹಾಕುವುದಿಲ್ಲ ಎಂದು ಕೂತಿದ್ದಾಳೆ. ಅವಳ ಮೇಲಧಿಕಾರಿ, ಅದೇ, ಮದುವೆಗೆ ಬಂದು ಉಡುಗೊರೆಗಿಂತ ದೊಡ್ಡ ಡಬ್ಬ ಕೊಟ್ಟು ಹೋದನಲ್ಲ, ಅವನು ನಗುನಗುತ್ತಲೇ ಹೇಳಿದ್ದಾನಂತೆ: "ನಿಮ್ಮ ಕಾಂಟ್ರಾಕ್ಟ್ ಈ ತಿಂಗಳೇ ಮುಗಿಯುತ್ತೆ ಅಲ್ವಾ ಮೇಡಂ?" ಅಷ್ಟೇ. ಬೆದರಿಕೆಗೂ ಈಗ ಇಸ್ತ್ರಿ ಹಾಕಿರುತ್ತಾರೆ.

ಗಿರಣಿಗಳ ವರದಿ ಎಂದರೆ ನನಗೆ ಎಂಥ ಉರಿ ಎಂದು ನಿನಗೆ ಗೊತ್ತು. ಮೊದಲ ಹಸಿರು ವರದಿ ಬಂದ ವರ್ಷ ನೆನಪಿದೆಯೇ? ಮುಖಪುಟದಲ್ಲಿ ಎಳೆ ಸಸಿ ಹಿಡಿದ ಮಗುವಿನ ಕೈ, ಒಳಗೆ ಅರುವತ್ತು ಪುಟ ನುಣುಪು ಕಾಗದ, ನದಿಗೆ ಎಷ್ಟು ಬಣ್ಣದ ನೀರು ಬಿಟ್ಟರೆಂಬುದಕ್ಕೆ ಅರ್ಧ ಸಾಲೂ ಇಲ್ಲ. ಮುಂದಿನ ವರ್ಷ ಅದೇ ಮಗುವಿನ ಕೈ, ಸಸಿ ಮಾತ್ರ ಬೇರೆ. ನಾನು ಪತ್ರಿಕೆಗೆ ಬರೆದೆ, ಸಂಪಾದಕರು ಮೂರು ಸಾಲಿಗೆ ಇಳಿಸಿ ಹಾಕಿದರು. ಆಗ ಗಿರಣಿಯವರು ಮನಸ್ಸಿಗೆ ಬಂದದ್ದನ್ನು ಹೇಳಬಹುದಿತ್ತು, ಬೇಡವಾದದ್ದನ್ನು ಬಿಡಬಹುದಿತ್ತು, ಕೇಳುವವರಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವ ಕಾಲ ಅದು. ಈಗ ಹಾಗಲ್ಲ. ಸೊಸೆ ಊಟದ ಮೇಜಿನ ಮೇಲೆ ಹೊಸ ನಿಯಮಗಳನ್ನು ಹರಡಿಕೊಂಡು ಓದುವಾಗ ನಾನೂ ಕನ್ನಡಕ ಏರಿಸಿ ಪಕ್ಕದಲ್ಲಿ ಕೂರುತ್ತೇನೆ. ಎಷ್ಟು ನೀರು, ಎಷ್ಟು ಹೊಗೆ, ಎಷ್ಟು ಜನರಿಗೆ ಗಾಯ, ಎಲ್ಲಕ್ಕೂ ಅಂಕಿ ಕೊಡಬೇಕು. ಯಾವ ವರ್ಷಕ್ಕೆ ಹೋಲಿಸಿ ಇಳಿಯಿತೋ ಏರಿತೋ ಹೇಳುತ್ತೀರೋ ಆ ಆಧಾರ ವರ್ಷವನ್ನು ಬೇಕಾದಾಗ ಬದಲಿಸುವಂತಿಲ್ಲ. ಅದೇ ತಪ್ಪಿದ್ದರೆ ಕಾರಣ ಬರೆದು, ಊರೆದುರು ತಿದ್ದಬೇಕು. ಕೊನೆಗೆ ಹೊರಗಿನ ಪರಿಶೀಲಕ ಬಂದು ಮೂಲ ಕಾಗದ ತೋರಿಸಿ ಎನ್ನುತ್ತಾನೆ. ಪ್ರತಿ ವರ್ಷ ನಿಯಮ ಬದಲಾಗುತ್ತದೆ, ಹೋದ ಸಲ ಐಚ್ಛಿಕವಾಗಿದ್ದದ್ದು ಈ ಸಲ ಕಡ್ಡಾಯ, ಅವಳಿಗೆ ತಲೆ ಚಿಟ್ಟು ಹಿಡಿಯುತ್ತದೆ. "ಮಾವಾ, ಇದು ಬೆಳೆಯೋ ಮಗುವಿಗೆ ಅಂಗಿ ಹೊಲಿದ ಹಾಗೆ, ಗುಂಡಿ ಹಾಕೋಷ್ಟರಲ್ಲಿ ಗಿಡ್ಡ ಆಗಿರುತ್ತೆ" ಅಂತಾಳೆ. ಗಿಡ್ಡವಾದರೂ ಅಂಗಿ ಅಂಗಿಯೇ. ನಲವತ್ತು ವರ್ಷ ಬರೀ ಮೈ ನೋಡಿದವನು ನಾನು.

ಈ ಸಲದ ಕರಡಿನಲ್ಲಿ ಗಿರಣಿ ಹೇಳುವುದೇನೆಂದರೆ, ಹನ್ನೆರಡು ವರ್ಷದ ಹಿಂದಿಗೆ ಹೋಲಿಸಿದರೆ ಒಂದು ಟನ್ ಕಾಗದಕ್ಕೆ ಬಳಸುವ ನೀರು ಮೂರನೆಯ ಒಂದು ಪಾಲು ಇಳಿದಿದೆ. ಇದರ ಮೇಲೆ ಬ್ಯಾಂಕಿನ ಸಾಲವೂ ನಿಂತಿದೆ: ನೀರು ಕಾಲುಭಾಗಕ್ಕಿಂತ ಹೆಚ್ಚು ಇಳಿದರೆ ಬಡ್ಡಿಯೂ ಇಳಿಯುತ್ತದೆ, ಇಲ್ಲವಾದರೆ ಏರುತ್ತದೆ. ಒಳ್ಳೆಯ ಏರ್ಪಾಡು, ದುಡ್ಡಿಗೂ ನೀರಿನ ಮರ್ಯಾದೆ ಕಲಿಸಿದ್ದಾರೆ. ಆದರೆ ಆಧಾರ ವರ್ಷದ ಅಂಕಿ ಕಂಡೊಡನೆ ನನಗೆ ಕೋಪ ನೆತ್ತಿಗೇರಿತು. ಆ ವರ್ಷ ದೊಡ್ಡ ಯಂತ್ರ ಕೆಟ್ಟು ಹನ್ನೊಂದು ದಿನ ಗಿರಣಿ ಮುಚ್ಚಿತ್ತು. ಮೂರನೆಯ ಬಾವಿಯ ಪಂಪು ಇಡೀ ವರ್ಷ ದಿನಕ್ಕೆ ಅರ್ಧ ಹೊತ್ತಷ್ಟೇ ಓಡಿತ್ತು. ಅದೇ ಗಿರಣಿಯ ಪಂಪ್‌ಹೌಸಿನಲ್ಲಿ ಮೂವತ್ತೊಂದು ವರ್ಷ ಕೂತವನಿಗೆ ಅಷ್ಟು ನೀರು ಎತ್ತಿರಲಿಕ್ಕೇ ಇಲ್ಲ ಎಂದು ಗೊತ್ತಿರುವುದಿಲ್ಲವೇ? ಹಳೆಯ ಅಂಕಿಯನ್ನು ಉಬ್ಬಿಸಿಟ್ಟರೆ ಇವತ್ತಿನದು ತಾನಾಗಿ ಇಳಿದಂತೆ ಕಾಣುತ್ತದೆ. ಮೇಲಿನವರ ಕೈಚಳಕವೇ ಸರಿ ಎಂದುಕೊಂಡು ಪತ್ರಿಕೆಗೆ ನಾಲ್ಕು ಪುಟದ ಪತ್ರ ಬರೆದೆ.

ಶನಿವಾರ ಬೆಳಗಿನ ತಿಂಡಿಯ ಹೊತ್ತಿಗೆ ಅದನ್ನು ಸೊಸೆಗೆ ಓದಿ ಹೇಳಿದೆ. ಭಾಷಣ ಮಾಡಿದೆ ಎನ್ನುವುದೇ ಸರಿ. "ಈ ಅಂಕಿ ಬರೆದವನ ಕೈಗೆ ಕೋಳ ಹಾಕಬೇಕು" ಎಂಬಲ್ಲಿ ಮೇಜು ಗುದ್ದಿದ್ದಕ್ಕೆ ಮಗನ ಕಾಫಿ ಚೆಲ್ಲಿತು. ಅವಳು ಕೊನೆಯವರೆಗೂ ಕೇಳಿದಳು. ಬಟ್ಟೆ ತಂದು ಮೇಜು ಒರೆಸಿದಳು. ಚೀಲದಿಂದ ಒಂದೇ ಒಂದು ಹಾಳೆ ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟಳು. "ಮಾವಾ, ಪೇಪರಿಗೆ ಕಳಿಸೋ ಮೊದಲು ಇದನ್ನೊಂದ್ಸಲ ನೋಡ್ಬಿಡಿ."

ಮೂರನೆಯ ಬಾವಿಯ ಮೀಟರು ಲೆಕ್ಕದ ಪುಸ್ತಕದ, ಆ ವರ್ಷದ ಒಂದು ಪುಟದ ನಕಲು ಅದು. ದಿನಕ್ಕೆ ಆರುನೂರ ನಲವತ್ತು ಘನ ಮೀಟರ್, ಆರುನೂರ ನಲವತ್ತು, ತಿಂಗಳಿಡೀ ಅದೇ. ಆ ಬಾಲ ಸುತ್ತಿದ ಆರು ಈ ಭೂಮಿಯ ಮೇಲೆ ಒಬ್ಬನೇ ಬರೆಯುವುದು. ಬಾವಿಯ ಮೀಟರು ಕೆಟ್ಟಿತ್ತು, ಹೊಸದಕ್ಕೆ ಅರ್ಜಿ ಕೊಟ್ಟಿದ್ದೆ, ಬರಲಿಲ್ಲ. ಖಾಲಿ ಬಿಟ್ಟರೆ ಮೇಸ್ತ್ರಿ ಬೈಯುತ್ತಿದ್ದ. ಮೀಟರು ನಿಂತರೆ ನಿನ್ನೆಯ ಅಂಕಿಯನ್ನೇ ಬರೆಯುವುದು ನಮ್ಮ ಪಂಪ್‌ಹೌಸಿನ ರೂಢಿ. ನನಗೆ ಕಲಿಸಿದವರು ಹಾಗೇ ಮಾಡುತ್ತಿದ್ದರು, ನಾನು ಕಲಿಸಿದವರೂ. ಅದು ಸುಳ್ಳು ಎಂದು ಒಂದು ದಿನವೂ ಅನ್ನಿಸಿರಲಿಲ್ಲ ನೋಡು. ಕುಂಬಳಕಾಯಿ ಕಳ್ಳ ಎಂದು ಊರಿಗೆಲ್ಲ ಕೂಗಿದವನು ನಾನೇ, ಬೂದಿ ಇದ್ದದ್ದು ನನ್ನದೇ ಹೆಗಲ ಮೇಲೆ. ಬಡ್ಡಿಯ ಆಸೆ ಮೇಲಿನವರಿಗೆ ಆಮೇಲೆ ಬಂದದ್ದು. ಉಬ್ಬಿದ ಅಂಕಿಯನ್ನು ಹುಟ್ಟಿಸಿದ್ದು ನನ್ನ ಪೆನ್ನು.

ಅವಳಿಗೆ ಇದು ಗೊತ್ತಾಗಿ ಎಂಟು ದಿನವಾಗಿತ್ತಂತೆ. ಎಂಟು ದಿನ ನನಗೆ ಊಟ ಬಡಿಸಿದ್ದಾಳೆ, ನನ್ನ ಉಪದೇಶ ಕೇಳಿದ್ದಾಳೆ, ಮುಖದಲ್ಲಿ ಒಂದು ಗೆರೆ ಕದಲಿಸಿಲ್ಲ. ಹಾಗೆಂದು ಮುಚ್ಚಿಡಲೂ ಇಲ್ಲ. ಮೊದಲ ದಿನವೇ ಮೇಲಧಿಕಾರಿಗೂ ಪರಿಶೀಲಕನಿಗೂ ಬರೆದು ತಿಳಿಸಿದ್ದಾಳೆ: ಈ ಅಂಕಿಯ ಮೇಲೆ ನನಗೆ ನಂಬಿಕೆ ಇಲ್ಲ, ಇದನ್ನು ಬರೆದವರು ನನ್ನ ಮಾವ, ಆದ್ದರಿಂದ ಅವರ ಹೇಳಿಕೆಯನ್ನು ನಾನು ಪಡೆಯಬಾರದು, ಬೇರೆಯವರು ಪಡೆಯಲಿ. "ಇಷ್ಟು ಹಳೇದನ್ನ ಯಾಕೆ ಕೆದಕ್ತೀರಿ ಮೇಡಂ" ಎಂದು ಮೇಲಧಿಕಾರಿ ಕೇಳಿದ್ದಕ್ಕೆ "ಕೆದಕಿದ್ದಲ್ಲ ಸರ್, ಕಾಲಿಗೆ ಚುಚ್ಚಿತು" ಎಂದಳಂತೆ. ಇದು ಮಗ ಹೇಳಿದ್ದು. ಅವನು ಮಾತ್ರ ಮುಖ ಊದಿಸಿಕೊಂಡು ಓಡಾಡುತ್ತಿದ್ದಾನೆ. "ಅಪ್ಪಾ, ನೀವು ಸುಮ್ಮನಿದ್ರೆ ನಿಮ್ಮ ಮಾನ ಉಳಿಯುತ್ತೆ, ಅವಳ ಕೆಲಸಾನೂ ಉಳಿಯುತ್ತೆ" ಎಂದ. ಅವಳು ಅಡುಗೆಮನೆಯಿಂದಲೇ "ಮಾವನ ಮಾನದ ವಿಷಯ ಮಾವನೇ ಯೋಚನೆ ಮಾಡ್ಲಿ, ನನ್ನ ಕೆಲಸ ನಾನು ನೋಡ್ಕೋತೀನಿ" ಎಂದಳು. ಇಷ್ಟು ಪುಸ್ತಕ ಓದಿದ್ದೇನೆ, ದೊಡ್ಡವರ ಮಾತುಗಳನ್ನು ಬಾಯಿಪಾಠ ಹೇಳುತ್ತೇನೆ. ನೇರ ಬೆನ್ನು ಎಂದರೇನೆಂದು ನಮ್ಮ ಒಲೆಯ ಮುಂದೆ, ಸೌಟು ಹಿಡಿದು ನಿಂತವಳಲ್ಲಿ ಕಂಡೆ.

ಹೇಳಿಕೆ ಕೊಡಲು ನಿನ್ನೆ ಗಿರಣಿಗೆ ಹೋಗಿದ್ದೆ. ಪಂಪ್‌ಹೌಸಿನಲ್ಲಿ ಈಗ ನನ್ನ ಕುರ್ಚಿಯ ಜಾಗದಲ್ಲಿ ಒಂದು ಕಪಾಟಿದೆ. ಪ್ರತಿ ಬಾವಿಗೂ ಎರಡೆರಡು ಮೀಟರು, ಒಂದು ಕೈಕೊಟ್ಟರೆ ಇನ್ನೊಂದು ಚಾಡಿ ಹೇಳುತ್ತದೆ. ಪರಿಶೀಲಕ ನಡುವಯಸ್ಸಿನ ಬಡಕಲು ಮನುಷ್ಯ, ತನ್ನ ಚಹಾ ತಾನೇ ಫ್ಲಾಸ್ಕಿನಲ್ಲಿ ತರುತ್ತಾನೆ, ಗಿರಣಿಯದನ್ನು ಮುಟ್ಟುವುದಿಲ್ಲ. ಯಾಕೆ ಹೀಗೆ ಮಾಡಿದಿರಿ ಎಂದು ಒಮ್ಮೆಯೂ ಕೇಳಲಿಲ್ಲ. ಮೀಟರು ಯಾವ ತಿಂಗಳು ನಿಂತಿತು, ನಿಮಗೆ ಹೇಗೆ ಗೊತ್ತು, ಪಂಪು ಎಷ್ಟು ಗಂಟೆ ಓಡುತ್ತಿತ್ತು, ಅದು ಹೇಗೆ ಗೊತ್ತು, ಇಷ್ಟೇ. ಎರಡು ಗಂಟೆ ಕಾಲ ಹೇಳಿದೆ. ಕರೆಂಟು ಬಿಲ್ಲು ತರಿಸಿ ನನ್ನ ಮಾತಿನ ಪಕ್ಕ ಇಟ್ಟು ನೋಡಿದ. ಸರಿಯಾದ ಲೆಕ್ಕದಲ್ಲಿ ನೀರು ಇಳಿದಿರುವುದು ಸುಮಾರು ಐದನೆಯ ಒಂದು ಪಾಲಂತೆ, ಬ್ಯಾಂಕಿನ ಗೆರೆ ಮುಟ್ಟುವುದಿಲ್ಲ. ನನ್ನ ಹೇಳಿಕೆಗೆ ಸಹಿ ಹಾಕಿದೆ. ಆಧಾರ ವರ್ಷದ ಅಂಕಿ ಊಹೆಯಿಂದ ಬರೆದದ್ದಾಗಿತ್ತು ಎಂದು ವರದಿಯಲ್ಲಿ ಒಂದು ಸಾಲು ಬರುತ್ತದೆ. ಪತ್ರಿಕೆಯವರು ಹಾಕದ ನನ್ನ ಎಲ್ಲ ಪತ್ರಗಳಿಗಿಂತ ಆ ಒಂದು ಸಾಲಿಗೆ ತೂಕ ಹೆಚ್ಚು.

ಅಕ್ಕನಿಗೆ ನಮಸ್ಕಾರ ಹೇಳು, ಅವರ ಮೊಮ್ಮಕ್ಕಳಿಗೆ ಆಶೀರ್ವಾದ. ನೀನು ಮಧ್ಯಾಹ್ನ ಒಂದು ಗಂಟೆಯಾದರೂ ಮಲಗು, ಬಿಸಿನೀರಿನ ಚೀಲ ಸೊಂಟಕ್ಕಿಟ್ಟುಕೊ. ಮನೆ ನಿನ್ನ ದಾರಿ ಕಾಯುತ್ತಿದೆ, ಮನೆಯವನೂ.

ಇತಿ ನಿನ್ನ,
ಪಂಪ್‌ಹೌಸಿನ ಪಂಡಿತ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ತಳ್ಳಿದ್ದು. ಕಂಡಕ್ಟರು ಹಾರ್ನ್ ಹೊಡೆಸುತ್ತಿದ್ದಾನೆ. ನಿನ್ನೆ ಕೊನೆಯಲ್ಲಿ ಪರಿಶೀಲಕ ಇನ್ನೊಂದು ಪುಟ ತೆಗೆದ. ಗಿರಣಿ ಮುಚ್ಚಿದ್ದ ಆ ಹನ್ನೊಂದು ದಿನದ ಪುಟ. ಸೊಸೆ ನನಗೆ ಅದನ್ನು ತೋರಿಸಿರಲಿಲ್ಲ. ಅಕ್ಷರ ಮುತ್ತು ಪೋಣಿಸಿದಂತಿದೆ. ಪುಸ್ತಕವನ್ನು ಮನೆಗೆ ತಂದು, ನಾನು ಕಾಲು ಚಾಚಿ ಏನೋ ಓದುತ್ತಾ ಅಂಕಿ ಹೇಳಿ ನಿನ್ನ ಕೈಯಲ್ಲಿ ಬರೆಸಿದ್ದು. "ಇದು ಬೇರೆ ಕೈ, ಯಾರದು?" ಎಂದ. ಅವರನ್ನು ಕೇಳದೆ ಹೆಸರು ಹೇಳಲಾರೆ, ಎರಡು ದಿನ ಕೊಡಿ ಎಂದೆ. ಅದು ಗೊತ್ತಾಗದೆ ಅವನು ಪುಸ್ತಕದ ಪರಿಶೀಲನೆ ಮುಗಿಸುವುದಿಲ್ಲ, ಪುಸ್ತಕ ಮುಗಿಯದೆ ಶುಕ್ರವಾರ ಸೊಸೆಯ ಕೈಗೆ ಸರಿಯಾದ ಅಂಕಿ ಬರುವುದಿಲ್ಲ. ನೀನು ಒಪ್ಪಿದರೆ ನಾಳೆ ಮಗನಿಗೆ ಫೋನಿನಲ್ಲಿ ಸರಿ ಎಂದಷ್ಟೇ ಹೇಳು, ಗುರುವಾರ ಬೆಳಿಗ್ಗೆ ಪರಿಶೀಲಕ ಫೋನು ಮಾಡುತ್ತಾನೆ, ಸ್ಪೀಕರ್ ಆರಿಸಿ ಮಾತಾಡು. ಇದ್ದದ್ದು ಇದ್ದ ಹಾಗೆ ಹೇಳು. ಅವತ್ತು ಬರೆಯುತ್ತಾ ಬರೆಯುತ್ತಾ ನೀನು ಪೆನ್ನು ನಿಲ್ಲಿಸಿ, "ಗಿರಣಿ ಮುಚ್ಚಿದೆ ಅಂತೀರಿ, ಹಾಗಾದ್ರೆ ಇಷ್ಟು ನೀರು ಕುಡಿದವರು ಯಾರು?" ಎಂದು ಕೇಳಿದ್ದೆ. ಅದನ್ನೂ ಹೇಳು. ನಾನು ನಕ್ಕುಬಿಟ್ಟೆ ಎನ್ನುವುದನ್ನೂ ಬಿಡಬೇಡ.